ಕುಯೂನ್‌ನ ಕೋರೆಹಲ್ಲು

ಎದುರಿಗೆ ಎಲ್ಲರೂ ಅಕ್ತಾಮಾಕಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಆಕೆ ನಾಯಿಹಲ್ಲಿನವಳು. ಆ ಹೆಸರಿಟ್ಟವನು ಕಾಲುವೆಯ ಆಚೆ ದಡದ ಮನೆಯ ಸಾತಿಬಾಲ್ದಿ. ಅದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಎರಡು ಮನೆಗಳ ನಡುವಿನ ಕಾಲುವೆ ಒಂದು ಮಾರು ಅಗಲವೂ ಇರಲಿಲ್ಲ. ಆದರೂ ಆ ಮನೆಯ ಹೊಗೆ ಈ ಕಡೆ ತಿರುಗಿದರೆ ಸಾಕು, ಒಣಹಾಕಿದ ಬಟ್ಟೆಯನ್ನೆಲ್ಲ ಆಕೆ ಎಳೆದುಕೊಂಡು ಒಳಗೆ ಒಯ್ಯುತ್ತಿದ್ದಳು.

ಜಗಳದ ಬೇರು ಹಳೆಯದು. ಅಕ್ತಾಮಾಕ್ ಮೂರನೆಯ ಮಗುವನ್ನು ಹೆತ್ತ ಚಳಿಗಾಲದಲ್ಲಿ ಅವಳ ದವಡೆಹಲ್ಲು ಹುಳುಕಾಗಿ ಕೆನ್ನೆ ಬಾತುಕೊಂಡಿತು. ಕಣಿವೆಯ ದಾರಿ ಹಿಮದಲ್ಲಿ ಮುಚ್ಚಿತ್ತು, ನಾರಿನ್ ಪೇಟೆಯ ದಂತವೈದ್ಯರ ತನಕ ಹೋಗುವಂತಿರಲಿಲ್ಲ. ಆಗಿನ್ನೂ ಹರೆಯದವನಾಗಿದ್ದ ಸಾತಿಬಾಲ್ದಿ, ಕುದುರೆಯ ಹಲ್ಲನ್ನೇ ಕಿತ್ತವನು ನಾನು, ಹೆಂಗಸಿನದ್ದು ಯಾವ ಲೆಕ್ಕ ಎಂದು ಇಕ್ಕಳ ಹಿಡಿದು ಬಂದ. ಹಲ್ಲಿನ ತಲೆ ಬಂತು, ಬೇರು ಒಳಗೇ ಮುರಿಯಿತು. ವಸಂತ ಬರುವವರೆಗೂ ಆಕೆ ಕೀವು ನುಂಗಿದಳು. ಆಮೇಲೆ ಆ ಕಡೆಯ ಹಲ್ಲುಗಳೆಲ್ಲ ಒಂದೊಂದಾಗಿ ಹೋದವು. ಸಾತಿಬಾಲ್ದಿ ಒಂದು ಮಾತು ಕೇಳಿದ್ದರೆ, ಹೇಗಿದ್ದೀಯಕ್ಕಾ ಎಂದಿದ್ದರೆ, ಆಕೆ ಮರೆಯುತ್ತಿದ್ದಳೋ ಏನೋ. ಅವನು ಮದುವೆಮನೆಗಳಲ್ಲಿ ಅದನ್ನೇ ನಗೆಯ ಕತೆ ಮಾಡಿದ. ಅವಳು ಹೇಗೆ ಕಿರುಚಿದಳೆಂದು ಕಿರುಚಿ ತೋರಿಸಿದ.

ಅಕ್ತಾಮಾಕ್ ತೈಗಾನ್ ಬೇಟೆನಾಯಿಗಳನ್ನು ಸಾಕುತ್ತಿದ್ದಳು. ಬೇಟೆಗೆ ಹೋದವಳಲ್ಲ. ಮಾವ ಸಾಯುವಾಗ ಬಿಟ್ಟುಹೋದ ಹೆಣ್ಣುನಾಯಿಯ ಸಂತತಿಯನ್ನು ಕೆಡದಂತೆ ಉಳಿಸಿಕೊಂಡವಳು. ಗಂಡ ಕಾಸಿಮ್ ವರ್ಷದ ಬಹುಪಾಲು ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿರುತ್ತಿದ್ದ. ಮನೆಗೆ ಬಂದಾಗಲೂ ಅವನ ಮಾತು ಕಡಿಮೆ. ಮಾತಿನ ಬಾಬತ್ತು ಪೂರಾ ಹೆಂಡತಿಯದೇ.

ತೈಗಾನ್ ಓಡಿ ನರಿಯನ್ನು ಮುಟ್ಟುವುದು ಕಾಲಿನ ಬಲದಿಂದಲಾದರೂ ಮುಟ್ಟಿದ್ದನ್ನು ಬಿಡದೆ ಹಿಡಿಯುವುದು ಕೋರೆಹಲ್ಲಿನಿಂದ. ಹಾಗಾಗಿ ಮರಿಗಳಿಗೆ ಹಾಲುಹಲ್ಲು ಉದುರುವ ಕಾಲ ಬಂತೆಂದರೆ ಅಕ್ತಾಮಾಕಳಿಗೆ ಬೇರೆ ಕೆಲಸವೇ ಕಾಣುತ್ತಿರಲಿಲ್ಲ. ಮರಿಗಳು ಕಂಬಳಿಯ ಅಂಚು, ಬೂಟು, ಜೀನಿನ ಪಟ್ಟಿ, ಕೊನೆಗೆ ಬಾಗಿಲಿನ ಮೂಲೆಯನ್ನೂ ಬಿಡದೆ ಕಡಿಯುತ್ತಿದ್ದವು. ಆಕೆ ದಪ್ಪ ಬಟ್ಟೆಯನ್ನು ನೆನೆಸಿ, ಗಂಟು ಹಾಕಿ, ಹಿಮದಲ್ಲಿ ಹೂತಿಟ್ಟು, ತಣ್ಣಗಾದ ಮೇಲೆ ಒಂದೊಂದರ ಬಾಯಿಗೆ ಕೊಡುತ್ತಿದ್ದಳು. ಬೆಳಿಗ್ಗೆ ಎದ್ದೊಡನೆ ಎಲ್ಲ ಮರಿಗಳ ತುಟಿ ಎತ್ತಿ, ಬಾಯಿ ತೆರೆದು, ಒಸಡಿನ ಮೇಲೆ ಬೆರಳಾಡಿಸುವುದು. ಯಾವುದು ಅಲುಗಾಡುತ್ತಿದೆ, ಯಾವುದು ಬಿತ್ತು, ಅದರ ಜಾಗದಲ್ಲಿ ಹೊಸದು ನೆಟ್ಟಗೆ ಬಂತೇ ಎಂದು ನೋಡುವುದು. ಆಚೆ ದಡದಿಂದ ಸಾತಿಬಾಲ್ದಿ ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಿದ್ದ: "ನೋಡ್ರಪ್ಪಾ, ತನ್ನ ಬಾಯಲ್ಲಿ ಕಳ್ಕೊಂಡಿದ್ದನ್ನ ನಾಯಿ ಬಾಯಲ್ಲಿ ಹುಡುಕ್ತಾವ್ಳೆ."

ಇಷ್ಟೆಲ್ಲ ಇದ್ದರೂ ಸುತ್ತಮುತ್ತ ಸಾತಿಬಾಲ್ದಿಯದಕ್ಕಿಂತ ಒಳ್ಳೆಯ ಗಂಡುನಾಯಿ ಇರಲಿಲ್ಲ. ಹೆಣ್ಣುನಾಯಿ ಬೆದೆಗೆ ಬಂದಾಗ ಕಾಸಿಮ್ ಹೆಂಡತಿಗೆ ಹೇಳದೆ ಹೋಗಿ ಮಾತಾಡಿಕೊಂಡು ಬಂದ. ಆಕೆ ಒಂದು ವಾರ ಗಂಡನಿಗೆ ಅಡುಗೆ ಬಡಿಸಿದಳೇ ಹೊರತು ಮುಖ ನೋಡಲಿಲ್ಲ. ಮರಿಗಳಾದವು. ಗಂಡುನಾಯಿಯ ಯಜಮಾನನಿಗೆ ಮೊದಲ ಆಯ್ಕೆ ಎನ್ನುವುದು ಅಲ್ಲಿನ ರೂಢಿ. ಮರಿಗಳು ತಾಯಿಯ ಹಾಲು ಬಿಟ್ಟೊಡನೆ ಸಾತಿಬಾಲ್ದಿ ಬಂದು ನಿಂತ. ಬೂದುಬಣ್ಣದ, ಎದೆಯ ಮೇಲೆ ಬಿಳಿ ಮಚ್ಚೆಯ ಗಂಡುಮರಿಯ ಕತ್ತಿಗೆ ಕೈ ಹಾಕಿದ. ಓಟಕ್ಕೆ ತಕ್ಕ ಹೆಸರಿರಲಿ ಎಂದು ಅಕ್ತಾಮಾಕ್ ಅದನ್ನು ಕುಯೂನ್, ಅಂದರೆ ಸುಂಟರಗಾಳಿ, ಎಂದು ಕರೆಯುತ್ತಿದ್ದಳು.

"ಹಲ್ಲು ಬದಲಾಗ್ಲಿ, ಆಮೇಲೆ ತಗೊಂಡು ಹೋಗು," ಎಂದಳು.

"ಅಷ್ಟ್ರಲ್ಲಿ ನೀನು ಇದನ್ನ ಹೆಂಗಸು ಮಾಡಿಬಿಟ್ಟಿರ್ತೀಯ."

"ಕಡಿಯೋ ಕಾಲ ಬರ್ತದೆ. ಕಡಿದ್ರೆ ಹೊಡೀಬೇಡ."

"ನನ್ನ ನಾಯಿ. ನನ್ನ ಕೈ."

ಒಯ್ದ. ಚಳಿ ಇಳಿಯುವ ಹೊತ್ತಿಗೆ ಕುಯೂನ್ ಎಲ್ಲ ಮರಿಗಳಂತೆ ಕಡಿಯತೊಡಗಿತು. ಸಾತಿಬಾಲ್ದಿ ಬೇಟೆಗೆಂದು ಸಾಕಿದ ಹದ್ದಿನ ಕಣ್ಣಿಗೆ ಮುಚ್ಚುವ ಚರ್ಮದ ಟೋಪಿಯನ್ನು ಒಂದು ದಿನ ಚೂರುಚೂರು ಮಾಡಿತು. ಅವನು ಬೂಟುಗಾಲಿನಿಂದ ಮೂತಿಗೆ ಒದ್ದ. ಆಮೇಲೆ ಕಬ್ಬಿಣದ ಸರಪಳಿಗೆ ಕಟ್ಟಿದ. ಒಸಡು ತುರಿಸುವ ಮರಿ ಏನು ಮಾಡೀತು, ಸರಪಳಿಯನ್ನೇ ಕಡಿಯಿತು. ಈಚೆ ದಡದಲ್ಲಿ ಅಕ್ತಾಮಾಕಳಿಗೆ ಆ ಕಿರ್ರೆನ್ನುವ ಸದ್ದು ಕೇಳಿಸುತ್ತಿತ್ತು. ಬೇಲಿಯ ಬಳಿ ನಿಂತು ಬೈದಳು. ಅವನು ರೇಡಿಯೋ ಜೋರು ಮಾಡಿದ.

ಬೇಸಿಗೆಯ ಮೊದಲಲ್ಲಿ ಸಾತಿಬಾಲ್ದಿ ಮರಿಯನ್ನು ಹಗ್ಗದಲ್ಲಿ ಎಳೆದುಕೊಂಡು ಬಂದು ಅವಳ ಅಂಗಳದಲ್ಲಿ ಬಿಟ್ಟ.

"ತಗೋ, ನಿನ್ನ ವಂಶದ ಉಡುಗೊರೆ. ಬಾಯಲ್ಲಿ ಕೋರೆ ಮೇಲೆ ಕೋರೆ. ಮುಚ್ಚೋಕೂ ಬರಲ್ಲ ಅದಕ್ಕೆ. ನಿನ್ನ ನಾಯಿಗಳ ಹಲ್ಲೇ ಸರಿ ಇಲ್ಲ ಅಂತ ಊರಿಗೆಲ್ಲ ಹೇಳ್ತೀನಿ."

"ನೀನು ಒದ್ದಿದ್ದನ್ನೂ ಸೇರಿಸಿ ಹೇಳು."

ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಕುಯೂನ್‌ನ ಕೆಳದವಡೆಯ ಹಾಲುಕೋರೆಗಳು ಬಿದ್ದಿರಲಿಲ್ಲ. ಅವುಗಳ ಒಳಬದಿಯಲ್ಲಿ ಹೊಸ ಕೋರೆಗಳು ಹುಟ್ಟಿ, ದಾರಿ ಸಿಗದೆ ಒಳಕ್ಕೆ ವಾಲಿ, ಅಂಗುಳಿಗೆ ಚುಚ್ಚುತ್ತಿದ್ದವು. ಅಂಗುಳಲ್ಲಿ ಎರಡು ಗುಳಿ ಬಿದ್ದಿತ್ತು. ಮರಿ ಬಾಯಿ ಅರೆತೆರೆದುಕೊಂಡು ಜೊಲ್ಲು ಸುರಿಸುತ್ತ, ತಿಂದದ್ದಕ್ಕಿಂತ ಹೆಚ್ಚು ಚೆಲ್ಲುತ್ತಿತ್ತು.

ಮರುದಿನ ಬೆಳಿಗ್ಗೆ ಅಕ್ತಾಮಾಕ್ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಪೇಟೆಯ ವ್ಯಾನು ಹತ್ತಿದಳು. ಪಶುವೈದ್ಯೆ ನಾಜಿಕೆತ್ ಹೊಸದಾಗಿ ಬಂದವಳು, ಚಿಕ್ಕ ವಯಸ್ಸು, ನಗದ ಮುಖ. ಮೇಜಿನ ಮೇಲೆ ಹರಡಿದ್ದ ಇಕ್ಕಳಗಳನ್ನು ಕಂಡದ್ದೇ ಅಕ್ತಾಮಾಕಳ ಮೈ ಉರಿಯಿತು.

"ಬೇರು ಮುರಿದ್ರೆ ನಿನ್ನ ಕೈ ಮುರೀತೀನಿ, ಹೇಳಿದ್ದೀನಿ."

"ಹಾಗಾದ್ರೆ ಈಗ್ಲೇ ಎತ್ಕೊಂಡು ಹೋಗಿ," ಎಂದಳು ನಾಜಿಕೆತ್ ತಲೆಯೆತ್ತದೆ. "ಕೆಲಸ ಮಾಡೋವಾಗ ಬೆದರಿಸೋರು ನನಗೆ ಬೇಡ."

ಅಕ್ತಾಮಾಕ್ ಎತ್ತಿಕೊಂಡು ಬಾಗಿಲ ತನಕ ಹೋದಳು. ಮರಿ ನರಳಿತು. ತಿರುಗಿ ಬಂದು ಮೇಜಿನ ಮೇಲಿಟ್ಟಳು.

"ಯಾವಾಗಿಂದ ಹೀಗಿದೆ?"

"ನನ್ನ ಕೈಗೆ ಬಂದಿದ್ದು ನಿನ್ನೆ."

"ಹೊಸ ಕೋರೆಯ ತುದಿ ಕಂಡ ಕೂಡ್ಲೇ ತರಬೇಕಿತ್ತು. ಹಾಲುಹಲ್ಲು ಬೀಳ್ದೆ ನಿಂತ್ರೆ ಕಾಯಬಾರದು. ಇದರ ಬೇರು ಉದ್ದ, ಎಳೆದ್ರೆ ಬರಲ್ಲ. ಮಂಪರು ಕೊಟ್ಟು ಒಸಡು ಬಿಡಿಸಿ ತೆಗೀತೀನಿ. ಹೊರಗೆ ಕೂತ್ಕೊಳ್ಳಿ."

"ಇಲ್ಲೇ ನಿಲ್ತೀನಿ."

"ಹೊರಗೆ ಕೂತ್ಕೊಳ್ಳಿ ಅಂದೆ."

ಬಾಗಿಲು ಮುಚ್ಚಿತು. ಅಕ್ತಾಮಾಕ್ ಹೊರಗಿನ ಬೆಂಚಿನ ಮೇಲೆ, ತನ್ನದೇ ಹಲ್ಲು ಕೀಳುತ್ತಿದ್ದಾರೇನೋ ಎಂಬಂತೆ ದವಡೆ ಬಿಗಿಹಿಡಿದು ಕುಳಿತಳು. ನಾಜಿಕೆತ್ ಹೊರಗೆ ಬಂದು ತಟ್ಟೆ ತೋರಿಸಿದಳು. ಎರಡು ಹಾಲುಕೋರೆಗಳು, ಎರಡಕ್ಕೂ ಪೂರ್ತಿ ಬೇರು. ಅಕ್ತಾಮಾಕ್ ಅವನ್ನು ಬೆಳಕಿಗೆ ಹಿಡಿದು ತುದಿಯವರೆಗೂ ನೋಡಿದಳು.

"ಒಸಡು ಕೆಂಪಾಗಿದೆ. ಏನಾದ್ರೂ ಹಾಕಿ ತಿಕ್ಕಿದ್ರಾ?"

"ಉಪ್ಪು. ನನ್ನ ನಾಯಿಗಳಿಗೆಲ್ಲ ಉಪ್ಪೇ. ಇದಕ್ಕೂ ನಿನ್ನೆ ಸಂಜೆ ತಿಕ್ಕಿದೆ."

"ಇಷ್ಟು ವರ್ಷ ಎಲ್ಲಾ ನಾಯಿಗಳ ಒಸಡನ್ನೂ ಸುಟ್ಟಿದ್ದೀರಿ. ಇನ್ನು ಮೇಲೆ ಒದ್ದೆ ಬಟ್ಟೆ, ಇಲ್ಲಾಂದ್ರೆ ಮೆತ್ತಗಿನ ಬ್ರಷ್ಷು. ಮನುಷ್ಯರ ಪೇಸ್ಟು ಮುಟ್ಟಿಸಬೇಡಿ. ಈ ಎರಡು ಕೋರೆಗಳನ್ನ ದಿನಾ ಬೆರಳಲ್ಲಿ ಮೆಲ್ಲಗೆ ಹೊರಕ್ಕೆ ಒತ್ತಿ. ಪುಣ್ಯವಿದ್ರೆ ಜಾಗಕ್ಕೆ ಬರ್ತವೆ."

ಹುಡುಗಿಯಿಂದ ಬೈಸಿಕೊಂಡ ಸಿಟ್ಟು ವ್ಯಾನಿನಲ್ಲಿ ಊರಿನ ತನಕವೂ ಇಳಿಯಲಿಲ್ಲ. ಆದರೆ ಮನೆ ಮುಟ್ಟಿದ ಮೇಲೆ ಆಕೆ ಉಪ್ಪಿನ ಡಬ್ಬಿಯನ್ನು ನಾಯಿಗಳ ಮೂಲೆಯಿಂದ ತೆಗೆದು ಅಡುಗೆಮನೆಗೆ ಸೇರಿಸಿದಳು.

ಆ ಬೇಸಿಗೆ ಪೂರ್ತಿ ಆಕೆ ಕುಯೂನ್‌ನ ಬಾಯಿಯ ಜೊತೆಗೇ ಬದುಕಿದಳು. ಮೊದಮೊದಲು ಮೂತಿಗೆ ಕೈ ತಂದರೆ ಸಾಕು, ಅದು ಒದೆ ಬಿತ್ತೆಂದು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಆಕೆ ಬೆರಳಿಗೆ ಕುರಿಯ ಕೊಬ್ಬು ಸವರಿ ನೆಕ್ಕಿಸಿದಳು. ಮುಂದೆ ತುಟಿ ಎತ್ತಿದಳು, ಆಮೇಲೆ ಒಂದು ಹಲ್ಲು, ಆಮೇಲೆ ಎಲ್ಲ. ದಾರಿಯಲ್ಲಿ ಹೋಗುವವರನ್ನೂ ಕರೆದು, ಬನ್ನಿ, ಬಾಯಿ ತೆರೆದು ನೋಡಿ ಎನ್ನುತ್ತಿದ್ದಳು. ಪೇಟೆಯ ನಾಯಿಗಳ ಪ್ರದರ್ಶನದಲ್ಲಿ ಗುರುತಿಲ್ಲದವರು ಪರೀಕ್ಷೆಗೆಂದು ಬಾಯಿ ಬಿಡಿಸಿದರೆ ನಾಯಿ ಬೆದರಬಾರದಲ್ಲ. ಕೋರೆಗಳು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಹೊರಕ್ಕೆ ಬಂದವು. ಅಂಗುಳಿನ ಗುಳಿ ಕೂಡಿಕೊಂಡಿತು. ಮುಂದಿನ ವರ್ಷದ ಹೊತ್ತಿಗೆ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕತ್ತರಿಯಂತೆ ಕೂರುತ್ತಿತ್ತು.

ಆ ವರ್ಷದ ಶರತ್ಕಾಲದ ಪ್ರದರ್ಶನ ನಡೆದದ್ದು ಪೇಟೆಯ ಹೊರಗಿನ ಕುದುರೆ ಮೈದಾನದಲ್ಲಿ. ಪರೀಕ್ಷಕರು ಕುಯೂನ್‌ನ ಬಾಯಿ ನೋಡಿ ಒಬ್ಬರಿಗೊಬ್ಬರು ತಲೆಯಾಡಿಸಿದರು. ಎಳೆಯ ನಾಯಿಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಸಾತಿಬಾಲ್ದಿ ಜನರನ್ನು ಸೀಳಿಕೊಂಡು ಮುಂದೆ ಬಂದ.

"ಇದು ನನ್ನ ನಾಯಿ. ಮೊದಲ ಆಯ್ಕೆ ನಂದು, ಊರಿಗೆಲ್ಲ ಗೊತ್ತು."

"ವಾಪಸ್ ತಂದು ಬಿಸಾಕಿದ್ದೂ ಊರಿಗೆಲ್ಲ ಗೊತ್ತು," ಎಂದಳು ಅಕ್ತಾಮಾಕ್.

"ಬಿಸಾಕಲಿಲ್ಲ. ಹಲ್ಲು ನೋಡೋದು ನಿನ್ನ ಚಾಳಿ ಅಲ್ವಾ, ನೋಡ್ಕೋ ಅಂತ ಬಿಟ್ಟಿದ್ದೆ."

ಅವಳ ಕೈ ಹಗ್ಗದ ತುದಿಯನ್ನು ಚಾಟಿಯಂತೆ ಎತ್ತಿತ್ತು. ಕಾಸಿಮ್ ನಡುವೆ ಬಂದು ಹಿಡಿದುಕೊಂಡ.

ವಿಷಯ ಊರಿನ ಬಿಳಿಗಡ್ಡದ ಹಿರಿಯರ ಮುಂದೆ ಹೋಯಿತು. ಅವರಲ್ಲಿ ಮುಖ್ಯನಾದ ಓಮುರ್‌ಕುಲ್‌ನ ಅಂಗಳದಲ್ಲಿ ಚಾಪೆ ಹಾಸಿ ಕುಳಿತರು. ಒಂದು ಕಡೆ ರೂಢಿ, ಇನ್ನೊಂದು ಕಡೆ ವರ್ಷದ ಆರೈಕೆ. ಹಿರಿಯರು ಗಡ್ಡ ನೀವಿಕೊಂಡರು. ಓಮುರ್‌ಕುಲ್ ಹೇಳಿದ: "ನಾಯಿ ಅಕ್ತಾಮಾಕಳ ಹತ್ರಾನೇ ಇರ್ಲಿ. ಮುಂದಿನ ಸೂಲಲ್ಲಿ ಸಾತಿಬಾಲ್ದಿ ಇನ್ನೊಂದು ಮರಿ ಆರಿಸಿಕೊಳ್ಳಲಿ. ಏನಂತೀರಿ?"

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಾತಿಬಾಲ್ದಿ ಗೊಣಗಿದ: "ಇನ್ನೊಂದು ಯಾಕೆ? ಅವಳ ಮರಿ ಬಾಯಿ ಗುಣ ನನಗೆ ಗೊತ್ತು, ಅವಳ ಬಾಯಿ ಗುಣಾನೂ ಗೊತ್ತು." ಒಬ್ಬಿಬ್ಬರು ನಕ್ಕರು. ಅಕ್ತಾಮಾಕಳ ಕಣ್ಣು ಕೆಂಪಾಯಿತು.

"ಹಾಗಾದ್ರೆ ಇಲ್ಲೇ ಆಗ್ಲಿ. ಆ ಒದ್ದ ಮನುಷ್ಯ ಬಂದು ನಾಯಿ ಬಾಯಿ ತೆಗೀಲಿ. ಕಚ್ಚಿಸಿಕೊಳ್ದೆ ತೆಗೆದ್ರೆ ನಾಯಿ ಅವನದು."

"ಅಕ್ತಾಮಾಕ್, ಕೂತ್ಕೋ," ಎಂದ ಓಮುರ್‌ಕುಲ್. "ತೀರ್ಮಾನ ನಿನ್ನ ಕಡೆಗೇ ಇದೆ."

"ನನ್ನ ಮಾತು ಮಾತೇ."

ಸಾತಿಬಾಲ್ದಿ ಎದ್ದ. ಅವನಿಗೂ ಅಳುಕಿತ್ತು, ಮುಂಗೈಗೆ ಹದ್ದು ಕೂರಿಸುವ ಚರ್ಮದ ಕೈಗವಸು ಹಾಕಿಕೊಂಡ. ಮಂಡಿಯೂರಿ ಕುಯೂನ್‌ನ ಮೂತಿ ಹಿಡಿದ. ನಾಯಿ ಒಮ್ಮೆ ಅಕ್ತಾಮಾಕಳ ಕಡೆ ನೋಡಿತು. ಆಮೇಲೆ, ದಾರಿಹೋಕರಿಗೆಲ್ಲ ಮಾಡುತ್ತಿದ್ದಂತೆ, ತಾನಾಗಿಯೇ ಬಾಯಿ ತೆರೆದು ಸುಮ್ಮನೆ ನಿಂತಿತು.

ಸಾತಿಬಾಲ್ದಿಗೇ ನಂಬಿಕೆ ಬರದೆ ಇನ್ನೊಂದು ಸಲ ತೆರೆದು ನೋಡಿದ. ಅಕ್ತಾಮಾಕ್ ಹಗ್ಗವನ್ನು ಅವನ ಕಾಲ ಬಳಿ ಎಸೆದು ಹೊರಟುಬಿಟ್ಟಳು. ದಾರಿಯಲ್ಲಿ ಕಾಸಿಮ್ ಹಿಂದಿನಿಂದ ಓಡಿಬಂದು ಜೊತೆಯಾದ. ಆಕೆ ಕೇಳಿದ್ದು ಇಷ್ಟೇ: "ನಾನೇ ಕಲಿಸಿದ್ದಲ್ವಾ?" ಮನೆಗೆ ಬಂದು ಆಕೆ ಹಿತ್ತಿಲಲ್ಲಿ ಸೌದೆ ಒಡೆದಳು, ತೋಳು ಎತ್ತಲಾಗದಷ್ಟು ಒಡೆದಳು.

ಸೋತವಳು ಮನೆ ಹಿಡಿದು ಕೂರುತ್ತಾಳೆಂದುಕೊಂಡಿದ್ದರೆ ಊರಿನವರಿಗೆ ಅವಳ ಪರಿಚಯವಿಲ್ಲ ಎಂದೇ ಅರ್ಥ. ಮುಂದಿನ ವಾರವೇ ಅಕ್ತಾಮಾಕ್ ಒದ್ದೆ ಬಟ್ಟೆ ಹಿಡಿದು, ಕಾಲುವೆಯ ಹಲಗೆ ದಾಟಿ, ಸಾತಿಬಾಲ್ದಿಯ ಅಂಗಳಕ್ಕೆ ನಡೆದಳು. ಯಾರನ್ನೂ ಕೇಳಲಿಲ್ಲ. ಕುಯೂನ್‌ನ ಮುಂದೆ ಕುಕ್ಕರುಗಾಲಲ್ಲಿ ಕೂತು ಹಲ್ಲು ಒರೆಸತೊಡಗಿದಳು.

"ಇದೇನು ನಿಮ್ಮಪ್ಪನ ಮನೆಯಾ?" ಎಂದ ಸಾತಿಬಾಲ್ದಿ.

"ನಾಯಿ ನಿಂದು. ಹಲ್ಲು ನಾನು ಮಾಡಿದ್ದು. ಅದನ್ನ ಸೋತಿಲ್ಲ ನಾನು."

"ಹೊರಗೆ ನಡಿ."

"ಎತ್ತಿ ಹಾಕು. ನೋಡೋಣ, ನಿನ್ನ ಸೊಂಟ ತಡೀತದಾ ಅಂತ."

ಅವನ ಹೆಂಡತಿ ಕುಂದುಜ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ವಾರಕ್ಕೆರಡು ಸಲ ಹೀಗೇ ನಡೆಯಿತು. ಆಕೆ ಬರುವಳು, ಅವನು ಬೈಯುವನು, ಆಕೆ ಒರೆಸುತ್ತಲೇ ತಿರುಗಿ ಬೈಯುವಳು, ಬಟ್ಟೆ ಹಿಂಡಿ ಹೋಗುವಳು. ಕುಯೂನ್ ಆ ಚಳಿಗಾಲ ಬೇಟೆಯಲ್ಲಿ ಹೆಸರು ಮಾಡಿತು. ಸಾತಿಬಾಲ್ದಿ ಕುದುರೆಯ ಮೇಲೆ ಎದೆ ಉಬ್ಬಿಸಿಕೊಂಡು ಬರುತ್ತಿದ್ದ. ಅವಳನ್ನು ಗೇಟಿನಿಂದ ನಿಜಕ್ಕೂ ಹೊರಗೆ ಹಾಕಲಿಲ್ಲ ಮಾತ್ರ.

ಎರಡನೆಯ ಚಳಿಗಾಲದಲ್ಲಿ ಅಕ್ತಾಮಾಕ್ ಜ್ವರ ಬಂದು ಹಾಸಿಗೆ ಹಿಡಿದಳು. ಎದ್ದು ಓಡಾಡುವಂತಾಗಿ ಆಚೆ ಅಂಗಳಕ್ಕೆ ಹೋದರೆ ಕುಯೂನ್ ಗೂಡಿನಿಂದ ಹೊರಗೆ ಬರಲಿಲ್ಲ. ಬಲಗಣ್ಣಿನ ಕೆಳಗೆ ಗಡ್ಡೆಯಂತೆ ಊದಿಕೊಂಡಿತ್ತು. ಅದರ ಮೇಲೆ ಯಾರೋ ಮದ್ದಿಗೆಂದು ಕುರಿಯ ಬಾಲದ ಕೊಬ್ಬು ಮೆತ್ತಿದ್ದರು. ನೆಲದ ಮೇಲೆ ಕುದುರೆಯ ಕಾಲಿನ ದಪ್ಪ ಎಲುಬು ಬಿದ್ದಿತ್ತು, ಕಲ್ಲಿನಂತೆ ಹೆಪ್ಪುಗಟ್ಟಿದ್ದು.

"ಕಣಜ ಕಚ್ಚಿದೆ," ಎಂದ ಸಾತಿಬಾಲ್ದಿ.

"ಈ ಹಿಮದಲ್ಲಿ ಕಣಜ ಎಲ್ಲಿತ್ತು, ನಿನ್ನ ತಲೇಲಾ?"

ಆಕೆ ತುಟಿ ಎತ್ತಿದಳು. ಆ ಎಲುಬು ಕಡಿದು ಮೇಲ್ದವಡೆಯ ದೊಡ್ಡ ಹಲ್ಲು ಉದ್ದಕ್ಕೆ ಸೀಳಿತ್ತು. ಬೆರಳು ತಾಗಿದ್ದೇ ತಡ, ಎಂದೂ ಮಿಸುಕದ ನಾಯಿ ಕಿರುಚಿ ಅವಳ ಅಂಗೈಗೆ ಬಾಯಿ ಹಾಕಿತು. ರಕ್ತ ಹಿಮದ ಮೇಲೆ ತೊಟ್ಟಿಕ್ಕಿತು. ಆಕೆ ಕೈ ನೋಡಿಕೊಳ್ಳಲಿಲ್ಲ. ಗೂಟದಿಂದ ಹಗ್ಗ ಬಿಚ್ಚಿದಳು. ಸಾತಿಬಾಲ್ದಿ ಗೇಟಿಗೆ ಅಡ್ಡ ನಿಂತ.

"ಹಿರಿಯರ ಮುಂದೆ ಸೋತಿದ್ದೀಯ ನೀನು."

"ಸೋತಿದ್ದೀನಿ. ಈಗ ದಾರಿ ಬಿಡು."

"ಬಿಡಲ್ಲ."

ಹಿಂದಿನಿಂದ ಕುಂದುಜ್‌ಳ ದನಿ ಬಂತು. ಇಷ್ಟು ವರ್ಷಗಳಲ್ಲಿ ಅವಳು ಈ ಜಗಳದಲ್ಲಿ ಬಾಯಿ ಹಾಕಿದ್ದು ಅದೇ ಮೊದಲು. "ದಾರಿ ಬಿಡಿ. ಅದು ಊಟ ಬಿಟ್ಟು ಎಷ್ಟು ದಿನ ಆಯ್ತು ಅಂತ ನಿಮಗೆ ಗೊತ್ತಿಲ್ಲ. ಬಟ್ಟಲು ತೊಳೆಯೋಳು ನಾನು, ನನಗೆ ಗೊತ್ತು."

ಸಾತಿಬಾಲ್ದಿ ಹೆಂಡತಿಯ ಮುಖ ನೋಡಿದ. ಆಮೇಲೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ. ಆ ಅರ್ಧ ಹೆಜ್ಜೆಯಲ್ಲಿ ಅಕ್ತಾಮಾಕ್ ನಾಯಿಯನ್ನು ನಡೆಸಿಕೊಂಡು ದಾಟಿಹೋದಳು.

ನಾಜಿಕೆತ್ ಮೊದಲು ಅವಳ ಕೈಗೆ ಪಟ್ಟಿ ಕಟ್ಟಿ, ಆಮೇಲೆ ನಾಯಿಯನ್ನು ಮಲಗಿಸಿದಳು. ಸೀಳಿದ ಹಲ್ಲಿನ ಬೇರಿನ ಕೀವು ಕಣ್ಣಿನ ಕೆಳತನಕ ಏರಿತ್ತು. ಹಲ್ಲು ಉಳಿಯಲಿಲ್ಲ, ಪಕ್ಕದ ಇನ್ನೊಂದನ್ನೂ ತೆಗೆಯಬೇಕಾಯಿತು. "ಜೀವಕ್ಕೆ ತೊಂದರೆ ಇಲ್ಲ. ಪ್ರದರ್ಶನಕ್ಕೆ ಇನ್ನು ಸೇರಿಸಲ್ಲ," ಎಂದಳು. ಈ ಸಲ ಅಕ್ತಾಮಾಕ್ ಅವಳನ್ನು ಬೆದರಿಸಲೂ ಇಲ್ಲ, ಹೊರಗೆ ಕೂರಲೂ ಇಲ್ಲ. ನಾಯಿಯ ತಲೆ ಹಿಡಿದು ನಿಂತಿದ್ದಳು, ನಾಜಿಕೆತ್ ನಿಲ್ಲಲು ಬಿಟ್ಟಳು.

ಸುದ್ದಿ ಊರಿಗೆ ತಲುಪಿದ ಮೇಲೆ ಸಾತಿಬಾಲ್ದಿ ಅವಳ ಬೇಲಿಯ ಬಳಿ ಬಂದ.

"ಹಲ್ಲು ಹೋದ ನಾಯಿ ನನಗೇಕೆ? ನೀನೇ ಇಟ್ಕೋ. ಕೊಟ್ಟಿದ್ದೀನಿ."

"ಕೊಡೋಕೆ ನೀನ್ಯಾರು? ನಾನು ತಂದಾಯ್ತು."

"ಅವತ್ತು ಹಲ್ಲಿನ ಜೊತೆ ನಿನ್ನ ನಾಲಿಗೇನೂ ಕಿತ್ತಿದ್ರೆ ಊರು ಉದ್ಧಾರ ಆಗ್ತಿತ್ತು."

"ಹಲ್ಲನ್ನೇ ಅರ್ಧ ಬಿಟ್ಟೋನು ನೀನು. ನಾಲಿಗೆ ನಿನ್ನ ಕೈಲಿ ಎಲ್ಲಿ ಆಗ್ತಿತ್ತು."

ಅವರಿಬ್ಬರು ನೇರವಾಗಿ ಆಡಿದ ಕೊನೆಯ ಮಾತು ಇದು. ಅವನು ಹಿರಿಯರ ಬಳಿ ಮತ್ತೆ ಹೋಗಲಿಲ್ಲ. ಆಕೆಯೂ ಆ ಅಂಗಳಕ್ಕೆ ಕಾಲಿಡಲಿಲ್ಲ. ಓಮುರ್‌ಕುಲ್ ತೀರಿಕೊಂಡಾಗ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಆಕೆ ಎದ್ದು ಹೋಗಿ ಹೆಂಗಸರ ನಡುವೆ ಒಲೆಯ ಹೊಗೆಯಲ್ಲಿ ಕುಳಿತಳು. ಕುಯೂನ್ ಕಾಸಿಮ್‌ನ ಜೊತೆ ಹುಲ್ಲುಗಾವಲಿಗೆ ಹೋಗಿಬರುತ್ತಿತ್ತು. ನುಣ್ಣಗೆ ಕೊಚ್ಚಿದ ಮಾಂಸ, ಗಂಜಿ ತಿಂದು ಮೈ ತುಂಬಿಕೊಂಡಿತು. ಕೋರೆಗಳು ನಾಲ್ಕೂ ಗಟ್ಟಿಯಾಗಿದ್ದವು, ಕುರಿಹಿಂಡಿನ ಬಳಿ ಬಂದ ನರಿಗಳಿಗೆ ಅದು ಗೊತ್ತಾಯಿತು.

ಮುಂದಿನ ವಸಂತದಲ್ಲಿ ಒಂದು ಮಧ್ಯಾಹ್ನ ಕುಂದುಜ್ ಗಂಡನ ಮುದಿ ನಾಯಿಯನ್ನು ಹಿಡಿದುಕೊಂಡು ಹಲಗೆ ದಾಟಿ ಬಂದಳು. ಕುಯೂನ್‌ನ ತಂದೆ ಅದು.

"ಬಾಯಿ ನಾತ ಹೊಡೀತದೆ ಅಕ್ಕಾ. ಹತ್ರ ಕೂರೋಕಾಗಲ್ಲ. ಹೇಗೆ ಒರೆಸೋದು ಅಂತ ಹೇಳಿಕೊಡ್ತೀರಾ?"

"ಅವನು ಕಳಿಸಿದ್ನಾ?"

"ಇಲ್ಲ. ನಾನು ಬಂದಿದ್ದು ನೋಡಿದ್ರು. ನೋಡಿಲ್ಲ ಅನ್ನೋ ಹಾಗೆ ಆ ಕಡೆ ತಿರುಗಿ ನಿಂತಿದ್ದಾರೆ."

ಅಕ್ತಾಮಾಕ್ ಆಚೆ ದಡದ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಸಾತಿಬಾಲ್ದಿಯ ಬೆನ್ನು ಕಂಡಿತು. ಮುದಿ ನಾಯಿಯ ತುಟಿ ಎತ್ತಿ, ಕಂದುಗಟ್ಟಿದ ಹಲ್ಲುಗಳನ್ನು ನೋಡಿ, ಆ ಬೆನ್ನಿಗೆ ಕೇಳಿಸುವಂತೆ ಬೈಯುತ್ತ, ಬಟ್ಟೆ ಹೇಗೆ ಸುತ್ತಬೇಕು, ಎಲ್ಲಿಂದ ಎಲ್ಲಿಗೆ ಎಳೆಯಬೇಕು, ಯಾವ ಹಲ್ಲನ್ನು ಮುಟ್ಟದೆ ಪೇಟೆಗೆ ಒಯ್ಯಬೇಕು ಎಂದು ಒಂದೊಂದಾಗಿ ತೋರಿಸಿಕೊಟ್ಟಳು. ಕುಂದುಜ್ ತಪ್ಪಿದಾಗಲೆಲ್ಲ ಕೈ ಹಿಡಿದು ತಿದ್ದಿದಳು. ಎಲ್ಲ ಮುಗಿಯಿತು. ಮನೆಗೆ ಬಂದವರನ್ನು ಚಹಾ ಕುಡಿಸದೆ ಕಳಿಸುವ ಪದ್ಧತಿ ಆ ಕಣಿವೆಯಲ್ಲಿಲ್ಲ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಕುಂದುಜ್ ಒಂದು ಗಳಿಗೆ ಕಾದಳು. ಅಕ್ತಾಮಾಕ್ ಬಟ್ಟೆ ಹಿಂಡಿ ಬೇಲಿಯ ಮೇಲೆ ಹರಡಿ ಒಳಗೆ ಹೋದಳು. ಚಹಾ ಕೊಡಲಿಲ್ಲ.